ಶಾಬ್ಲಿ ವೈನ್: ನಾಲಗೆಗೆ ಸಿಗುವುದು ಕಲ್ಲಿನ ರುಚಿಯೇ, ಹುಳಿಯ ಹದವೇ?

ಫ್ರಾನ್ಸ್‌ನ ಬಿಳಿ ವೈನ್‌ಗಳ ಪೈಕಿ ಶಾಬ್ಲಿಯ ಹೆಸರಿಗೆ ಒಂದು ಮಾತು ಸದಾ ಅಂಟಿಕೊಂಡಿದೆ. ಅದರಲ್ಲಿ ಸುಣ್ಣದಕಲ್ಲಿನ ರುಚಿ ಇದೆ ಎಂಬುದೇ ಆ ಮಾತು. ಹೋಟೆಲ್‌ಗಳ ವೈನ್ ಪಟ್ಟಿಯಲ್ಲಿ, ತಜ್ಞರ ಟಿಪ್ಪಣಿಗಳಲ್ಲಿ 'ಖನಿಜ ಗುಣ' ಎಂಬ ಪದ ಮತ್ತೆ ಮತ್ತೆ ಕಾಣಿಸುತ್ತದೆ. ಗ್ರಾಹಕ ಹೆಚ್ಚಿನ ಬೆಲೆ ತೆರುವಾಗ ಈ ಪದಕ್ಕೂ ಸೇರಿಸಿಯೇ ತೆರುತ್ತಾನೆ. ಹಾಗಾದರೆ ಗುಡ್ಡದ ಕಲ್ಲು ನಿಜಕ್ಕೂ ಗ್ಲಾಸಿಗೆ ಇಳಿದು ಬರುತ್ತದೆಯೇ?

ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿ, ಸೆರೆನ್ ನದಿಯ ಇಕ್ಕೆಲಗಳ ಗುಡ್ಡಗಳಲ್ಲಿ ಶಾಬ್ಲಿಯ ದ್ರಾಕ್ಷಿ ತೋಟಗಳಿವೆ. ಈ ವೈನ್‌ಗೆ ಬಳಸುವುದು ಷಾರ್ಡನೆ ಎಂಬ ಒಂದೇ ತಳಿ. ಸುಮಾರು 15 ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಸಮುದ್ರದ ತಳವಾಗಿತ್ತು. ಅಲ್ಪವಿರಾಮ ಚಿಹ್ನೆಯ ಆಕಾರದ ಪುಟ್ಟ ಸಿಂಪಿಗಳ ಪಳೆಯುಳಿಕೆ ಇಂದಿಗೂ ಅಲ್ಲಿನ ಸುಣ್ಣದಕಲ್ಲು ಹಾಗೂ ಜೇಡಿಮಣ್ಣಿನ ಪದರಗಳಲ್ಲಿ ಕೈಗೆ ಸಿಗುತ್ತದೆ. ಫ್ರೆಂಚರು ಸಿಂಪಿಯ ಖಾದ್ಯದೊಂದಿಗೆ ಶಾಬ್ಲಿಯನ್ನು ಸೇವಿಸುವ ರೂಢಿಗೂ ಈ ಪಳೆಯುಳಿಕೆಗೂ ನಂಟು ಕಲ್ಪಿಸುವ ಕಥೆ ಸೊಗಸಾಗಿದೆ. ಆದರೆ ಅದು ಕಥೆಯಷ್ಟೇ.

ಬಳ್ಳಿಯ ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂತಹ ಪೋಷಕಾಂಶಗಳನ್ನು ಅಲ್ಪ ಪ್ರಮಾಣದಲ್ಲಿ ಹೀರುತ್ತದೆ. ಅವು ವೈನ್‌ನಲ್ಲಿ ಕಲ್ಲಿನ ರುಚಿಯಾಗಿ ನಾಲಗೆಗೆ ತಿಳಿಯಲಾರವು ಎಂಬುದು ಬ್ರಿಟನ್ನಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಅವರ ವಾದ. ಒದ್ದೆ ಕಲ್ಲಿನ ವಾಸನೆ ಎಂದು ನಾವು ಗುರುತಿಸುವುದೂ ಕಲ್ಲಿನದ್ದಲ್ಲ, ಅದರ ಮೇಲ್ಮೈಗೆ ಅಂಟಿದ ಸಾವಯವ ಪದಾರ್ಥಗಳದ್ದು. ಇನ್ನೂ ಒಂದು ಸ್ವಾರಸ್ಯವಿದೆ. ಹುಳಿ ಅತಿಯಾದಾಗ ಅದನ್ನು ತಗ್ಗಿಸಲು ವೈನ್ ತಯಾರಕರು ಬೆರೆಸುವ ವಸ್ತುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು. ಸುಣ್ಣದಕಲ್ಲಿನ ಮೂಲವಸ್ತುವೂ ಅದೇ. ಕಲ್ಲು ಕರಗಿ ಬಂದಿದ್ದರೆ ಶಾಬ್ಲಿ ಸಪ್ಪೆಯಾಗಬೇಕಿತ್ತು!

ಹಾಗೆಂದು ಗುಡ್ಡಕ್ಕೆ ಬೆಲೆಯಿಲ್ಲ ಎಂದಲ್ಲ. ಇಳಿಜಾರಿನಲ್ಲಿ ಹೆಚ್ಚುವರಿ ನೀರು ಬಸಿದುಹೋಗುತ್ತದೆ, ಜೇಡಿಯ ಪದರ ಬೇಕಾದಷ್ಟು ತೇವ ಹಿಡಿದಿಡುತ್ತದೆ. ಪೆಟಿ ಶಾಬ್ಲಿ, ಶಾಬ್ಲಿ, ಪ್ರೀಮಿಯರ್ ಕ್ರು, ಗ್ರ್ಯಾನ್ ಕ್ರು ಎಂಬ ನಾಲ್ಕು ದರ್ಜೆಗಳ ಪೈಕಿ ಅತ್ಯುಚ್ಚವಾದ ಗ್ರ್ಯಾನ್ ಕ್ರುವಿನ ಏಳೂ ತಾಕುಗಳು ಪಟ್ಟಣದೆದುರಿನ ಒಂದೇ ಗುಡ್ಡದ ಸಾಲಿನಲ್ಲಿವೆ. ಸುಮಾರು 100 ಹೆಕ್ಟೇರ್‌ನ ಈ ಜಾಗ ನೈಋತ್ಯಕ್ಕೆ ಮುಖ ಮಾಡಿರುವುದರಿಂದ ಅಪರಾಹ್ನದ ಬಿಸಿಲು ಧಾರಾಳವಾಗಿ ಸಿಕ್ಕಿ, ಶೀತಪ್ರದೇಶದಲ್ಲೂ ಹಣ್ಣು ಚೆನ್ನಾಗಿ ಮಾಗುತ್ತದೆ. ಆದರೂ ಅಪಾಯ ತಪ್ಪಿದ್ದಲ್ಲ. 2021ರ ಏಪ್ರಿಲ್‌ನಲ್ಲಿ ಸುರಿದ ಹಿಮ ಚಿಗುರುಗಳನ್ನು ಸುಟ್ಟು ಬೆಳೆಗಾರರನ್ನು ಕಂಗೆಡಿಸಿತ್ತು.

ಇನ್ನು ರುಚಿ ನೋಡುವ ಕ್ರಮ. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಪರಿಮಳ ಅಡಗಿರುತ್ತದೆ. ಕೆಲವು ನಿಮಿಷ ಹೊರಗಿಟ್ಟು, 10ರಿಂದ 12 ಡಿಗ್ರಿಯ ಆಸುಪಾಸಿನಲ್ಲಿ ಗ್ಲಾಸಿನ ಮೂರನೇ ಒಂದು ಭಾಗದಷ್ಟು ಮಾತ್ರ ಹಾಕಿಕೊಳ್ಳಬೇಕು. ಬಿಳಿ ಕಾಗದದ ಮೇಲೆ ವಾಲಿಸಿ ಹಿಡಿದರೆ ಎಳೆಯ ಶಾಬ್ಲಿ ತಿಳಿ ಹಳದಿಯಾಗಿ, ತುಸು ಹಸಿರು ಛಾಯೆಯಲ್ಲಿ ಕಾಣುತ್ತದೆ. ಎಳೆಯದೆಂದು ಮಾರಿದ ಬಾಟಲಿಯಲ್ಲಿ ಗಾಢ ಹೊಂಬಣ್ಣ ಕಂಡರೆ ಅದು ಗಾಳಿ ತಗುಲಿ ಕೆಟ್ಟಿರಬಹುದೆಂಬ ಸಂಶಯ ಸಹಜ. ಗ್ಲಾಸನ್ನು ಅಲ್ಲಾಡಿಸುವ ಮೊದಲೊಮ್ಮೆ, ಅಲ್ಲಾಡಿಸಿದ ಬಳಿಕ ಮತ್ತೊಮ್ಮೆ ಮೂಸಬೇಕು. ನಿಂಬೆಸಿಪ್ಪೆ, ಹಸಿರು ಸೇಬು, ಕೆಲವೊಮ್ಮೆ ಚಕಮಕಿ ಕಲ್ಲು ಉಜ್ಜಿದಾಗಿನ ವಾಸನೆ ಸಿಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಬಾಯಿಯಲ್ಲಿ. ಒಂದು ಗುಟುಕನ್ನು ನಾಲಗೆಯ ಮೇಲೆಲ್ಲ ಹೊರಳಿಸಬೇಕು. ದ್ರಾಕ್ಷಿಯ ಮುಖ್ಯ ಹುಳಿಯಾದ ಟಾರ್ಟಾರಿಕ್ ಆಮ್ಲ ನಮ್ಮ ಹುಣಸೆಯಲ್ಲೂ ಇರುವಂಥದ್ದು. ಆದ್ದರಿಂದ ಹುಳಿಯ ಹದ ಅಳೆಯುವುದನ್ನು ಸಾರು ಉಣ್ಣುವವರಿಗೆ ಯಾರೂ ಕಲಿಸಬೇಕಿಲ್ಲ. ಹುಳಿ ಚುಚ್ಚಬಾರದು, ಬಾಯಲ್ಲಿ ನೀರೂರಿಸಬೇಕು. ನುಂಗಿದ ನಂತರವೂ ರುಚಿ ನಿಲ್ಲಬೇಕು. ಮೂರು ಎಣಿಸುವುದರೊಳಗೆ ಮಾಯವಾದರೆ ದರ್ಜೆ ಏನೇ ಇರಲಿ, ಅದು ಸಾಧಾರಣ ವೈನ್. ಓಕ್ ಪೀಪಾಯಿಯ ವೆನಿಲ್ಲಾ ಘಮಲೇ ಮುಂದಾಗಿದ್ದರೆ ಗುಡ್ಡದ ಗುಣ ಮರೆಯಾಯಿತೆಂದೇ ಈ ವರದಿಗಾರನ ಎಣಿಕೆ.

ಬಾಟಲಿಯ ಹೆಸರನ್ನು ಮುಚ್ಚಿಟ್ಟು ರುಚಿ ನೋಡುವುದು ಅಗತ್ಯ. 2001ರಲ್ಲಿ ಪ್ರಕಟವಾದ ಬೋರ್ಡೊದ ಪ್ರಯೋಗವೊಂದರಲ್ಲಿ, ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪುಬಣ್ಣ ಬೆರೆಸಿದ ಬಿಳಿ ವೈನ್ ನೀಡಲಾಗಿತ್ತು. ಅದರ ಪರಿಮಳವನ್ನು ಅವರು ಬಣ್ಣಿಸಿದ್ದು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ. ಕಣ್ಣು ಮೂಗನ್ನೇ ಹೀಗೆ ವಂಚಿಸಬಲ್ಲುದಾದರೆ 'ಸುಣ್ಣದಕಲ್ಲು' ಎಂಬ ಪದ ಓದಿ ಕುಡಿದವನಿಗೆ ಕಲ್ಲಿನ ರುಚಿ ಸಿಗುವುದರಲ್ಲಿ ಆಶ್ಚರ್ಯವೇನಿದೆ?

ನಮ್ಮ ನಂದಿಬೆಟ್ಟದ ತಪ್ಪಲಿನ ತೋಟಗಳ ಬಿಳಿ ವೈನ್‌ಗೂ ಇದೇ ಪರೀಕ್ಷೆ ಸಲ್ಲುತ್ತದೆ. ಅಲ್ಲಿರುವುದು ಗ್ರಾನೈಟ್ ಸೀಮೆಯ ಕೆಂಪುಮಣ್ಣು, ಹವೆಯೂ ಬೆಚ್ಚಗಿನದು. ಶಾಬ್ಲಿಯ ತೀಕ್ಷ್ಣತೆಯನ್ನು ಅದರಿಂದ ಬಯಸುವುದು ಸರಿಯಲ್ಲ, ಹುಳಿ-ಹಣ್ಣಿನ ಹದ ಕೂಡಿದೆಯೇ ಎಂದು ಕೇಳಿದರೆ ಸಾಕು.

ಕೊನೆಯದಾಗಿ ಒಂದು ಸುಲಭ ಉಪಾಯ. ಅರ್ಧ ಬಾಟಲಿ ಉಳಿಸಿ, ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ರುಚಿ ನೋಡಬೇಕು. ಒಳ್ಳೆಯ ಶಾಬ್ಲಿ ಆಗಲೂ ಬಿಗಿ ಕಳೆದುಕೊಂಡಿರುವುದಿಲ್ಲ. ಹಿಂದಿನ ದಿನ ಮುಚ್ಚಿಕೊಂಡಂತಿದ್ದ ಪರಿಮಳ ಎಷ್ಟೋ ಬಾರಿ ಅಂದೇ ಅರಳಿರುತ್ತದೆ.