ವೈಫೈ ಇದ್ದರೂ ಪ್ರೊಜೆಕ್ಟರ್ ಆನ್ ಆಗದೇಕೆ?

ಪ್ರಶ್ನೆ: ನಮ್ಮ ಸಭಾಭವನದ ಗೋಡೆಯ ಟಚ್ ಪ್ಯಾನೆಲ್ ಒತ್ತಿದರೆ ಪ್ರೊಜೆಕ್ಟರ್, ದೀಪಗಳು ಒಮ್ಮೊಮ್ಮೆ ಆನ್ ಆಗುವುದೇ ಇಲ್ಲ. ಮೊಬೈಲಿನಲ್ಲಿ ವೈಫೈ ಚೆನ್ನಾಗಿರುತ್ತದೆ. ಕಾರಣವೇನು?
– ಓದುಗರು, ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು

ಉತ್ತರ: ಮೊಬೈಲಿಗೆ ಇಂಟರ್ನೆಟ್ ಬರುತ್ತಿದೆ ಎಂಬುದರಿಂದ ಇಲ್ಲಿ ಏನೂ ಸಾಬೀತಾಗುವುದಿಲ್ಲ. ಪ್ಯಾನೆಲ್ಲಿನ ಆದೇಶ ಸಾಮಾನ್ಯವಾಗಿ ಕಟ್ಟಡದೊಳಗಿನ ನೆಟ್‌ವರ್ಕ್ ಸ್ವಿಚ್ ಮೂಲಕವೇ ಹೋಗುತ್ತದೆ. ಹೊರಗಿನ ಸಂಪರ್ಕ ಕಡಿದರೂ ಅದು ತಲುಪಬೇಕು. ಹಾಗಾಗಿ ಹುಡುಕಾಟ ಕೇಬಲ್ಲಿನಿಂದ ಶುರುವಾಗಲಿ. ಸ್ವಿಚ್ಚಿನಲ್ಲಿ ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿದ ಕಡೆ ಪುಟ್ಟ ದೀಪ ಉರಿಯದಿದ್ದರೆ ಕೇಬಲ್ಲನ್ನೋ ಕನೆಕ್ಟರನ್ನೋ ಮೊದಲು ಪರೀಕ್ಷಿಸಿ. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿಯಿದೆ. ದೀಪ ಉರಿಯುತ್ತಿದ್ದರೆ ಪ್ರೊಜೆಕ್ಟರಿನ ಐಪಿ ವಿಳಾಸ ನೋಡಿ. ಅದು 169.254 ಎಂದು ಆರಂಭವಾಗಿದ್ದರೆ, ಸಾಧನಕ್ಕೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಲ್ಲ ಎಂದು ನೀವು ಕೇಳಬಹುದು. ಹೋಗಬಹುದು, ಆದರೆ ಮೂಲ ದೋಷ ಉಳಿದೇ ಇರುತ್ತದೆ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರೊಜೆಕ್ಟರಿಗೆ ಬೇರೆ ವಿಳಾಸ ಕೊಟ್ಟರೆ, ಪ್ಯಾನೆಲ್ ಮಾತ್ರ ಹಳೆಯದಕ್ಕೇ ಆದೇಶ ಕಳಿಸುತ್ತಿರುತ್ತದೆ. ‘ಒಮ್ಮೊಮ್ಮೆ’ ಕೆಡುವ ತೊಂದರೆಗೆ ಇದು ಬಲವಾದ ಕಾರಣ. ಪ್ರತಿ ಸಾಧನಕ್ಕೂ ರೂಟರಿನಲ್ಲಿ ಒಂದು ಖಾಯಂ ವಿಳಾಸ ಕಾಯ್ದಿರಿಸಿ, ಆ ಪಟ್ಟಿಯನ್ನು ಸ್ವಿಚ್ ಪೆಟ್ಟಿಗೆಯ ಒಳಗೇ ಅಂಟಿಸಿ. ಸಾರ್ವಜನಿಕ ಭವನದಲ್ಲಿ ಈ ಮಾಹಿತಿ ಗುತ್ತಿಗೆದಾರರೊಬ್ಬರ ಬಳಿಯಷ್ಟೇ ಇರಬಾರದು.