ಹದಿನೈದಕ್ಕೆ ಹದಿನೈದು

2019ರ ಆಗಸ್ಟ್‌ನಲ್ಲಿ, ಅಮೆರಿಕದ ಕಾಲೇಜು ಫುಟ್‌ಬಾಲ್ ಹಂಗಾಮು ಶುರುವಾಗುವ ಮುನ್ನ, ವಾಡಿಕೆಯಂತೆ ಕ್ರೀಡಾ ಪತ್ರಕರ್ತರು ಮತ ಹಾಕಿ ಅಸೋಸಿಯೇಟೆಡ್ ಪ್ರೆಸ್‌ನ ಪಟ್ಟಿ ಕಟ್ಟಿದರು. ಮೊದಲು ಕ್ಲೆಮ್ಸನ್, ಆಮೇಲೆ ಅಲಬಾಮಾ, ಜಾರ್ಜಿಯಾ, ಒಕ್ಲಹೋಮಾ. ಜನರ ಬಾಯಲ್ಲಿ ಎಲ್‌ಎಸ್‌ಯು ಆಗಿರುವ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಆರನೆಯ ಸ್ಥಾನ. ಮುಂದಿನ ಜನವರಿ ಹೊತ್ತಿಗೆ ಆ ಆರನೆಯ ತಂಡ ಮೇಲಿನ ನಾಲ್ಕನ್ನೂ ಒಂದೊಂದಾಗಿ ಮಣಿಸಿತ್ತು. ಆಡಿದ್ದು 15 ಪಂದ್ಯ, ಗೆದ್ದದ್ದೂ 15.

ಇದು ನಮ್ಮ ಶಾಲೆ ಮೈದಾನದ ಫುಟ್‌ಬಾಲ್ ಅಲ್ಲ. ಇಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. 100 ಗಜದ ಅಂಕಣ, ಕಡೆಗೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಚೆಂಡನ್ನು ಎಸೆಯಬೇಕೋ, ಯಾರಿಗಾದರೂ ಕೊಟ್ಟು ಓಡಿಸಬೇಕೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಮೈಗೆ ಮೈ ಗುದ್ದುವ ಈ ಆಟವನ್ನು ವಾರಕ್ಕೊಂದೇ ಸಲ ಆಡಲು ಸಾಧ್ಯ. ಹಾಗಾಗಿ ಸರಣಿಯಲ್ಲಿ ಒಂದು ಸೋತು ಎರಡು ಗೆದ್ದು ಲೆಕ್ಕ ಸರಿಮಾಡಿಕೊಳ್ಳುವ ಮಾತೇ ಇಲ್ಲ. ಜೊತೆಗೆ ಆಡುವವರೆಲ್ಲ ವಿದ್ಯಾರ್ಥಿಗಳು. ಪ್ರತಿವರ್ಷ ಒಂದಷ್ಟು ಹುಡುಗರು ಕೋರ್ಸು ಮುಗಿಸಿ ಹೊರಡುತ್ತಾರೆ, ತಂಡವನ್ನು ಮತ್ತೆ ಕಟ್ಟಬೇಕು.

ಎಲ್‌ಎಸ್‌ಯು ಇರುವುದು ಮಿಸಿಸಿಪ್ಪಿ ನದಿಯ ದಂಡೆಯ ಬ್ಯಾಟನ್ ರೂಜ್‌ನಲ್ಲಿ. ಟೈಗರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅದರ ಗ್ಯಾಲರಿಗಳ ಅಡಿಯಲ್ಲೇ ಹಿಂದೆ ವಿದ್ಯಾರ್ಥಿಗಳ ಹಾಸ್ಟೆಲ್ ಕೋಣೆಗಳಿದ್ದವು. 1988ರಲ್ಲಿ ಆಬರ್ನ್ ವಿರುದ್ಧ ಕೊನೆಗಳಿಗೆಯ ಟಚ್‌ಡೌನ್ ಬಂದಾಗ ಜನ ಕುಣಿದ ಕುಣಿತ ಕ್ಯಾಂಪಸ್ಸಿನ ಭೂಕಂಪ ಮಾಪಕದಲ್ಲಿ ದಾಖಲಾಯಿತು. ಸ್ಟೇಡಿಯಂ ಎದುರಿಗೆ ನಿಜವಾದ ಹುಲಿಯೊಂದು ಈಜುಕೊಳ ಸಮೇತ ವಾಸವಾಗಿದೆ. 1936ರಿಂದ ಬಂದ ಹುಲಿಗಳಿಗೆಲ್ಲ ಒಂದೇ ಹೆಸರು, ಮೈಕ್, ಈಗಿನದು ಏಳನೆಯದು. ಶನಿವಾರ ಮಧ್ಯಾಹ್ನದಿಂದಲೇ ಜನ ಗಾಡಿ ನಿಲ್ಲಿಸಿ, ಬಯಲಲ್ಲೇ ಒಲೆ ಹೂಡಿ ಜಂಬಲಾಯ ಬೇಯಿಸುತ್ತಾರೆ. ಪಂದ್ಯದ ಟಿಕೆಟ್ ಇಲ್ಲದವರೂ ಊಟಕ್ಕೆ ಹಾಜರು.

ಇಂಥ ಊರಿಗೆ ಎಂಟು ವರ್ಷಗಳಿಂದ ಒಂದು ಮುಳ್ಳು ಚುಚ್ಚುತ್ತಲೇ ಇತ್ತು: ಅಲಬಾಮಾ. 2012ರ ಜನವರಿಯ ಫೈನಲ್‌ನಿಂದ 2018ರವರೆಗೆ ಸತತ ಎಂಟು ಸೋಲು. ಎಂಟನೆಯದು ತವರಿನಲ್ಲೇ, 29–0.

ಆ ಮುಳ್ಳು ತೆಗೆಯಲು ಬಂದವರು ಬೇರೆಡೆ ಬೇಡವಾದವರು. ಕೋಚ್ ಎಡ್ ಓರ್ಜೆರಾನ್ ಲೂಸಿಯಾನಾದ ಜೌಗು ಸೀಮೆಯ ಲಾರೋಸ್ ಎಂಬ ಪುಟ್ಟ ಊರಿನವರು, ಜಲ್ಲಿ ಅರೆದಂಥ ದನಿ. ಹುಡುಗನಾಗಿದ್ದಾಗ ಇದೇ ಎಲ್‌ಎಸ್‌ಯು ಸೇರಿ, ಕೆಲವೇ ದಿನಕ್ಕೆ ಬಿಟ್ಟುಬಂದು, ಟೆಲಿಫೋನ್ ಕಂಪನಿಗಾಗಿ ಸಲಿಕೆ ಹಿಡಿದು ಗುಂಡಿ ತೋಡಿದ ಮನುಷ್ಯ. ಮುಖ್ಯ ಕೋಚ್ ಆಗಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ 10 ಗೆದ್ದು 25 ಸೋತು ಕೆಲಸ ಕಳೆದುಕೊಂಡಿದ್ದರು. ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಹಾಯೋ ಸ್ಟೇಟ್‌ನಲ್ಲಿ ಬೆಂಚು ಕಾಯ್ದವನು. ಅಲ್ಲೇ ಪದವಿ ಮುಗಿಸಿ 2018ರಲ್ಲಿ ಇಲ್ಲಿಗೆ ಬಂದ. ಆ ವರ್ಷ ಅವನ ಎಸೆತಗಳಿಂದ ಬಂದ ಟಚ್‌ಡೌನ್ 16. ಪರವಾಗಿಲ್ಲ ಅನ್ನಬಹುದಾದ ಆಟಗಾರ, ಅಷ್ಟೇ.

ಮರುವರ್ಷ ಅದೇ ಲೆಕ್ಕ 60ಕ್ಕೆ ಏರಿತು, ಅಂದಿಗೆ ದಾಖಲೆ. ಏನು ಬದಲಾಯಿತು? ಕೆಳಹರಿವಿನ ನ್ಯೂ ಆರ್ಲಿಯನ್ಸ್‌ನ ವೃತ್ತಿಪರ ತಂಡ ಸೇಂಟ್ಸ್‌ನಲ್ಲಿ ಸಹಾಯಕನಾಗಿದ್ದ ಜೋ ಬ್ರೇಡಿ ಎಂಬ ತರುಣನನ್ನು ಓರ್ಜೆರಾನ್ ಕರೆತಂದರು. ದಪ್ಪ ಆಳುಗಳನ್ನು ಮುಂದೆ ಬಿಟ್ಟು ನುಗ್ಗುವುದು ಎಲ್‌ಎಸ್‌ಯುವಿನ ಹಳೆಯ ಪದ್ಧತಿ. ಬ್ರೇಡಿ ಚೆಂಡು ಹಿಡಿಯುವ ಐವರನ್ನು ಅಂಕಣದ ಉದ್ದಗಲಕ್ಕೆ ಹರಡಿ, ಗುಂಪುಗೂಡಿ ಮಾತಾಡಲೂ ನಿಲ್ಲದೆ ಎಸೆಯುತ್ತ ಹೋಗುವ ಆಟ ಕಲಿಸಿದರು. ನನಗೆ ಹೆಚ್ಚು ಮೆಚ್ಚುಗೆಯಾಗುವುದು ದಾಳಿಯ ಹೊಣೆ ಹೊತ್ತಿದ್ದ ಹಿರಿಯ ಸ್ಟೀವ್ ಎನ್ಸ್‌ಮಿಂಗರ್ ಅವರ ನಡೆ. ತಮ್ಮ ವಯಸ್ಸಿನ ಅರ್ಧದವನು ಬಂದು ಪಾಠ ಹೇಳಿದಾಗ ಮುನಿಸಿಕೊಳ್ಳದೆ, ಅದನ್ನು ತಮ್ಮದಕ್ಕೆ ಬೆರೆಸಿಕೊಂಡರು. ಕ್ರೀಡೆಯಲ್ಲಾಗಲಿ ಕಚೇರಿಯಲ್ಲಾಗಲಿ ಇದು ಅಪರೂಪ.

ಹೊಸ ಆಟದ ಪರೀಕ್ಷೆ ಎರಡನೇ ವಾರವೇ ಆಯಿತು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಲ್‌ಎಸ್‌ಯು 37–31ರಿಂದ ಮುಂದಿದೆ, ಉಳಿದಿರುವುದು ಎರಡೂವರೆ ನಿಮಿಷ. ಮೂರನೇ ಅವಕಾಶ, ಬೇಕಾದದ್ದು 17 ಗಜ. ಹಳೆಯ ಎಲ್‌ಎಸ್‌ಯು ಆಗಿದ್ದರೆ ಚೆಂಡನ್ನು ಯಾರಿಗೋ ಕೊಟ್ಟು, ಗಡಿಯಾರ ಓಡಿಸಿ, ಆಮೇಲೆ ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಿತ್ತು. ಈ ತಂಡ ಎಸೆಯಲು ನಿಂತಿತು. ಎದುರಾಳಿಗಳು ಮುಗಿಬಿದ್ದರು. ಬರೋ ಹಿಂದೆ ಸರಿಯಲಿಲ್ಲ. ನುಗ್ಗುವವರ ನಡುವೆಯೇ ಒಂದು ಹೆಜ್ಜೆ ಮುಂದಿಟ್ಟು, ಪಕ್ಕಕ್ಕೆ ಜರುಗಿ, ಜಸ್ಟಿನ್ ಜೆಫರ್ಸನ್‌ಗೆ ಎಸೆದ. ಜೆಫರ್ಸನ್ ಹಿಡಿದವನೇ ತಿರುಗಿ ಓಡಿದ. 61 ಗಜ, ಟಚ್‌ಡೌನ್. ಕೊನೆಗೆ 45–38. ಹಂಗಾಮಿನ ದಿಕ್ಕು ಆ ಒಂದು ಎಸೆತದಲ್ಲೇ ನಿಶ್ಚಯವಾಯಿತು ಎಂದು ನನ್ನ ಎಣಿಕೆ.

ಹಾಗೆಂದು ಕುಂದಿಲ್ಲದ ತಂಡವೇನೂ ಅಲ್ಲ. ರಕ್ಷಣೆ ಕೆಲವು ವಾರ ಸೋರುತ್ತಿತ್ತು. ದುರ್ಬಲ ವ್ಯಾಂಡರ್‌ಬಿಲ್ಟ್ 38 ಅಂಕ ಹೊಡೆಯಿತು. ಎಲ್‌ಎಸ್‌ಯು 66 ಹೊಡೆದದ್ದರಿಂದ ಯಾರೂ ಅದನ್ನು ನೆನಪಿಟ್ಟುಕೊಂಡಿಲ್ಲ. ಆಬರ್ನ್ ಎದುರು ಗೆಲುವು ಬರೀ ಮೂರು ಅಂಕದ್ದು. ನವೆಂಬರ್ 9ರಂದು ಅಲಬಾಮಾದ ನೆಲದಲ್ಲಿ ಮಧ್ಯಂತರಕ್ಕೆ 33–13 ಇದ್ದದ್ದು, ಬೆವರಿಳಿಸಿ, 46–41ಕ್ಕೆ ಮುಗಿಯಿತು. ಮುಳ್ಳು ಕಿತ್ತುಬಂತು.

ಡಿಸೆಂಬರ್‌ನಲ್ಲಿ ಬರೋಗೆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬಂತು. ವೇದಿಕೆಯ ಮೇಲೆ ಅವನು ತನ್ನ ಒಹಾಯೋ ಸೀಮೆಯ ಬಡತನದ ಬಗ್ಗೆ, ಹಸಿದು ಮನೆಗೆ ಮರಳುವ ಶಾಲಾ ಮಕ್ಕಳ ಬಗ್ಗೆ ಗಂಟಲು ಕಟ್ಟಿಕೊಂಡು ಮಾತಾಡಿದ. ಅದನ್ನು ಕೇಳಿದ ಜನ ಅಲ್ಲಿನ ಅನ್ನದಾಸೋಹ ಕೇಂದ್ರಕ್ಕೆ 5 ಲಕ್ಷ ಡಾಲರಿಗೂ ಹೆಚ್ಚು ಹಣ ಕಳಿಸಿದರು.

ಡಿಸೆಂಬರ್ 28ರ ಸೆಮಿಫೈನಲ್ ದಿನ ಬೆಳಿಗ್ಗೆ, ಪಂದ್ಯ ನೋಡಲು ಅಟ್ಲಾಂಟಾಕ್ಕೆ ಹೊರಟಿದ್ದ ಎನ್ಸ್‌ಮಿಂಗರ್ ಅವರ ಸೊಸೆ ಲೂಸಿಯಾನಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಮೇಲೂ ಅವರು ತಮ್ಮ ಜಾಗದಲ್ಲಿ ಕೂತು ಆಟ ನಡೆಸಿದರು. ಮೊದಲರ್ಧದಲ್ಲೇ ಬರೋ ಏಳು ಟಚ್‌ಡೌನ್ ಎಸೆದ; ಒಕ್ಲಹೋಮಾ ವಿರುದ್ಧ 63–28.

ಫೈನಲ್ 2020ರ ಜನವರಿ 13ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ. ಎದುರಿಗೆ 29 ಪಂದ್ಯಗಳಿಂದ ಸೋಲೇ ಕಾಣದ ಕ್ಲೆಮ್ಸನ್. ಎಲ್‌ಎಸ್‌ಯು ಒಂದು ಹಂತದಲ್ಲಿ 7–17ರಿಂದ ಹಿಂದಿತ್ತು. ಮಧ್ಯಂತರದೊಳಗೆ 28–17, ಮುಗಿದಾಗ 42–25. ಜಾಮಾರ್ ಚೇಸ್ ಒಬ್ಬನೇ 221 ಗಜ ಗಳಿಸಿದ್ದ.

ಹಬ್ಬದ ತೋರಣ ಬಾಡುವ ಮೊದಲೇ ತಂಡ ಚದುರಿತು. ಬ್ರೇಡಿ ಮತ್ತು ರಕ್ಷಣೆಯ ಹೊಣೆಯಿದ್ದ ಡೇವ್ ಅರಾಂಡಾ ಕೆಲವೇ ದಿನಗಳಲ್ಲಿ ಬೇರೆಡೆ ಹೊರಟರು. ಏಪ್ರಿಲ್‌ನಲ್ಲಿ ಒಟ್ಟು 14 ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು. ಬರೋ ಎಲ್ಲರಿಗಿಂತ ಮೊದಲನೆಯವನು. ಅಲ್ಲಿಯವರೆಗೆ ಈ ಹುಡುಗರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನವೇ ಹೊರತು ಸಂಬಳವಲ್ಲ. ತಮ್ಮ ಹೆಸರು ಬಳಸಿ ಸಂಪಾದಿಸಲು ಕಾಲೇಜು ಆಟಗಾರರಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ಓರ್ಜೆರಾನ್ ಅವರಿಗಾದರೆ ಗೆದ್ದ ಕೂಡಲೇ ಆರು ವರ್ಷಕ್ಕೆ 4.2 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಗಿತ್ತು.

2020ರಲ್ಲಿ ಎಲ್‌ಎಸ್‌ಯು ಮೊದಲ ಪಂದ್ಯವನ್ನೇ ತವರಿನಲ್ಲಿ ಸೋತು, ಹಂಗಾಮನ್ನು 5–5ಕ್ಕೆ ಮುಗಿಸಿತು. 2021ರ ಅಕ್ಟೋಬರ್‌ನಲ್ಲಿ, ಆ ವರ್ಷದ ಕೊನೆಗೆ ಓರ್ಜೆರಾನ್ ಹೊರಡುತ್ತಾರೆಂದು ವಿಶ್ವವಿದ್ಯಾಲಯ ಸಾರಿತು. ಒಪ್ಪಂದದ ಬಾಕಿ ಸುಮಾರು 1.7 ಕೋಟಿ ಡಾಲರ್ ಅವರಿಗೆ ಕೊಡಬೇಕಿತ್ತು. ಎಷ್ಟು ಗಂಟೆಗೆ ಹೊರಡಲಿ, ಯಾವ ಬಾಗಿಲಿನಿಂದ ಹೋಗಲಿ ಎಂದಷ್ಟೇ ತಾನು ಕೇಳಿದ್ದಾಗಿ ಆಮೇಲೆ ಅವರೇ ಒಂದು ಸಭೆಯಲ್ಲಿ ಹೇಳಿ ಜನರನ್ನು ನಗಿಸಿದರು.