ಓಡುವ ನಾಯಿ, ನೋಡುವ ಕಣ್ಣು

ಕುದುರೆಗಳನ್ನು ಅಡೆತಡೆಗಳ ಮೇಲಿಂದ ಹಾರಿಸುವ ಪಂದ್ಯವನ್ನು ಮಹಾಲಕ್ಷ್ಮಿಯ ಮೈದಾನದಲ್ಲಿಯೋ ದೂರದರ್ಶನದಲ್ಲಿಯೋ ನಮ್ಮಲ್ಲಿ ಹಲವರು ನೋಡಿರಬಹುದು. ನಾಯಿಗಳಿಗೂ ಅಂಥದೊಂದು ಪಂದ್ಯವುಂಟೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ‘ಅಜಿಲಿಟಿ’ ಎಂದು ಕರೆಯಲಾಗುವ ಈ ಚುರುಕಾಟವು ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಅನೇಕ ಮನೆಗಳಲ್ಲಿ ಒಂದು ಜೀವನಕ್ರಮವಾಗಿಯೇ ಬೆಳೆದಿದೆ. ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬರುವ ನಮ್ಮ ಹಿರಿಯರ ಪಾಲಿಗೆ ಮೊಮ್ಮಕ್ಕಳ ಜೊತೆಗೆ ನಾಯಿಯ ಯೋಗಕ್ಷೇಮವೂ ಬರುವ ಕಾಲವಿದು. ಇಲ್ಲಿಯೂ ಫ್ಲ್ಯಾಟುಗಳಲ್ಲಿ ನಾಯಿ ಸಾಕುವವರು ಕಡಮೆಯಿಲ್ಲ. ಈ ಆಟದಿಂದ ಪದಕಕ್ಕಿಂತ ಬೆಲೆಯುಳ್ಳ ಲಾಭವೊಂದಿದೆ: ಮಾತು ಬಾರದ ಪ್ರಾಣಿಯ ಮೈಯನ್ನು ಓದುವ ಅಭ್ಯಾಸ. ಕಾಯಿಲೆಯ ದಿನ ನೆರವಿಗೆ ಬರುವುದು ಅದೇ.

ಆಟದ ಹುಟ್ಟು

1978ರಲ್ಲಿ ಲಂಡನ್ನಿನ ‘ಕ್ರಫ್ಟ್ಸ್’ ಶ್ವಾನ ಪ್ರದರ್ಶನದಲ್ಲಿ, ಎರಡು ಸ್ಪರ್ಧೆಗಳ ನಡುವಣ ಬಿಡುವಿನಲ್ಲಿ ಪ್ರೇಕ್ಷಕರನ್ನು ರಂಜಿಸಲು ಏನಾದರೂ ಬೇಕಾಗಿತ್ತು. ಸಮಿತಿಯ ಸದಸ್ಯ ಜಾನ್ ವಾರ್ಲಿಯವರು ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವು ಪಡೆದು, ಕುದುರೆ ಜಿಗಿತದ ಮಾದರಿಯಲ್ಲಿ ನಾಯಿಗಳ ಓಟವೊಂದನ್ನು ಏರ್ಪಡಿಸಿದರು. ಬಿಡುವು ತುಂಬಲೆಂದು ತಂದ ಆಟವೇ ಜನರ ಮನಸ್ಸನ್ನು ಸೂರೆಗೊಂಡಿತು. 1980ರಲ್ಲಿ ಅಲ್ಲಿಯ ಕೆನ್ನೆಲ್ ಕ್ಲಬ್ಬು ಅದಕ್ಕೆ ಮಾನ್ಯತೆ ನೀಡಿತು. ಅಮೆರಿಕದಲ್ಲಿ ಇದಕ್ಕೆಂದೇ 1986ರಲ್ಲಿ ಒಂದು ಸಂಘವು ಸ್ಥಾಪನೆಗೊಂಡಿತು. 1994ರಲ್ಲಿ ಅಮೆರಿಕನ್ ಕೆನ್ನೆಲ್ ಕ್ಲಬ್ಬೂ ಪಂದ್ಯಗಳನ್ನು ನಡೆಸತೊಡಗಿತು.

ಮೈದಾನದಲ್ಲಿ ಹಾರುಗಂಬಿಗಳು, ಸುರಂಗ, ಏರಿಳಿಯುವ ಹಲಗೆ, ಕಡಿದಾದ ಇಳಿಜಾರು, ಸಾಲಾಗಿ ನೆಟ್ಟ 12 ಕೋಲುಗಳು ಇರುತ್ತವೆ. ಇವುಗಳ ಕ್ರಮ ಪ್ರತಿ ಪಂದ್ಯಕ್ಕೂ ಬೇರೆ. ಒಡೆಯನು ಮೊದಲು ನಾಯಿಯಿಲ್ಲದೆ ಒಬ್ಬನೇ ನಡೆದು ದಾರಿಯನ್ನು ಮನನ ಮಾಡಿಕೊಳ್ಳಬೇಕು. ಓಟ ಆರಂಭವಾದ ಮೇಲೆ ನಾಯಿಗೆ ಹಗ್ಗವಿಲ್ಲ, ತಿನಿಸಿಲ್ಲ. ಅದನ್ನು ಮುಟ್ಟುವಂತೆಯೂ ಇಲ್ಲ. ಮಾತು ಮತ್ತು ಮೈಯ ಸನ್ನೆಗಳಿಂದಲೇ ದಾರಿ ತೋರಿಸಬೇಕು. ಎತ್ತರದ ಹಲಗೆಗಳ ತುದಿಗೆ ಹಳದಿ ಬಣ್ಣ ಬಳಿದಿರುತ್ತದೆ. ಇಳಿಯುವಾಗ ನಾಯಿಯ ಪಾದ ಅಲ್ಲಿ ಊರಲೇಬೇಕು. ಮೇಲಿನಿಂದ ನೆಗೆದು ಮೈ ನೋಯಿಸಿಕೊಳ್ಳಬಾರದೆಂಬುದು ಈ ನಿಯಮದ ಉದ್ದೇಶ.

ಶಿಕ್ಷೆಯಿಲ್ಲದ ಶಿಕ್ಷಣ

ಹೊಡೆದು ಬಡಿದು ಈ ಆಟವನ್ನು ಕಲಿಸಲಾಗದು. ಹೆದರಿದ ನಾಯಿ ಓಡುವುದಿಲ್ಲ. ಇಂದಿನ ಶಿಕ್ಷಣಕ್ರಮಕ್ಕೆ ಡಾಲ್ಫಿನ್ ಮೀನುಗಾರಿಕೆಯಿಂದಲ್ಲ, ಡಾಲ್ಫಿನ್ ತರಬೇತಿಯಿಂದ ಬಂದ ಪಾಠ ಆಧಾರ. ಕೊಳದಲ್ಲಿರುವ ಡಾಲ್ಫಿನ್ನಿಗೆ ಹಗ್ಗ ಕಟ್ಟಲಾಗದು, ಗದರಿಸಿದರೆ ಅದು ದೂರ ಈಜಿಹೋಗುತ್ತದೆ. ಸರಿಯಾದುದನ್ನು ಮಾಡಿದ ಕ್ಷಣದಲ್ಲಿ ಸೀಟಿ ಊದಿ, ಬಳಿಕ ಮೀನು ಕೊಡುವುದೊಂದೇ ಉಪಾಯ. ಹವಾಯಿಯಲ್ಲಿ ಈ ಕೆಲಸ ಮಾಡಿದ ಕ್ಯಾರೆನ್ ಪ್ರಯರ್ ಎಂಬಾಕೆ 1984ರಲ್ಲಿ ಬರೆದ ಪುಸ್ತಕದಿಂದ ಈ ಪದ್ಧತಿ ನಾಯಿ ಸಾಕುವವರಲ್ಲಿ ಹರಡಿತು. ಸೀಟಿಯ ಬದಲು ‘ಟಿಕ್’ ಎನ್ನುವ ಚಿಕ್ಕ ಸಾಧನ, ಮೀನಿನ ಬದಲು ಒಂದು ತುಣುಕು ತಿನಿಸು, ಇಷ್ಟೇ ವ್ಯತ್ಯಾಸ.

ಕಲಿಯುವುದು ನಾಯಿಯೊಂದೇ ಅಲ್ಲ. ಓಡುವ ನಾಯಿ ಒಡೆಯನ ಭುಜ ಯಾವ ಕಡೆಗೆ ತಿರುಗಿತು, ಪಾದ ಯಾವ ದಿಕ್ಕಿಗಿದೆ ಎಂಬುದನ್ನು ನೋಡುತ್ತಿರುತ್ತದೆ. ನಾಯಿ ದಾರಿ ತಪ್ಪಿತೆಂದರೆ ಬಹುಪಾಲು ತಪ್ಪಿದ್ದು ಒಡೆಯನ ಭುಜವೇ. ಹೀಗೆ ದಿನವೂ ಹತ್ತು ಹದಿನೈದು ನಿಮಿಷ ಒಬ್ಬರನ್ನೊಬ್ಬರು ಗಮನಿಸುತ್ತ ಹೋದಂತೆ, ಆ ನಾಯಿಯ ಸಹಜ ನಡಿಗೆ, ಉಸಿರು, ಉತ್ಸಾಹಗಳ ಅಳತೆ ಮನೆಯವರಿಗೆ ಸಿಕ್ಕಿಬಿಡುತ್ತದೆ. ಎಳೆಯ ಮರಿಗಳಿಗೆ ಮಾತ್ರ ಎತ್ತರದ ಜಿಗಿತ ಸಲ್ಲದು. ಮೂಳೆಗಳ ತುದಿಯ ಬೆಳವಣಿಗೆ ಮುಗಿಯಲು ಒಂದು ವರ್ಷ, ದೊಡ್ಡ ತಳಿಗಳಲ್ಲಿ ಇನ್ನೂ ಹೆಚ್ಚು ಕಾಲ ಬೇಕು.

ಗಾಲಿಯ ಮೇಲಿನ ಮನೆ

ಅಮೆರಿಕದಲ್ಲಿ ಪಂದ್ಯಗಳು ವಾರದ ಕೊನೆಯಲ್ಲಿ, ನೂರಾರು ಮೈಲಿಗಳಾಚೆಯ ಊರುಗಳಲ್ಲಿ ನಡೆಯುತ್ತವೆ. ಎಲ್ಲ ಹೋಟೆಲುಗಳೂ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಆದುದರಿಂದ ಹಲವರು ‘ಆರ್.ವಿ.’ ಎಂಬ ಸಂಚಾರಿ ಮನೆಯನ್ನು ಕೊಳ್ಳುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಇರುವ ಈ ವಾಹನದಲ್ಲಿ ನಾಯಿಯ ಗೂಡಿಗೂ ಭದ್ರವಾದ ಜಾಗವಿರುತ್ತದೆ.

ಈ ಸುಖದಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಸೆಕೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ, ಹೊರಗಿನ ಹವೆ ಹಿತವಾಗಿದ್ದರೂ, ಒಂದು ಗಂಟೆಯಲ್ಲಿ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲುದು. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ. 41 ದಾಟಿತೆಂದರೆ ಪ್ರಾಣಾಪಾಯ.

ಎರಡನೆಯದು ಊರೂರಿನ ರೋಗ. ಅರಿಝೋನದ ಮಣ್ಣಿನ ಧೂಳಿನಲ್ಲಿರುವ ಶಿಲೀಂಧ್ರದಿಂದ ‘ವ್ಯಾಲಿ ಫೀವರ್’ ಬರುತ್ತದೆ: ಮೊದಲು ಕೆಮ್ಮು, ಜ್ವರ, ಮೂಳೆಗೆ ಇಳಿದರೆ ಕುಂಟು. ಈಶಾನ್ಯ ರಾಜ್ಯಗಳಲ್ಲಿ ಉಣ್ಣಿಯಿಂದ ‘ಲೈಮ್’ ರೋಗ, ದಕ್ಷಿಣದಲ್ಲಿ ಸೊಳ್ಳೆಯಿಂದ ಹೃದಯದ ಹುಳು. ಉತ್ತರದ ಊರಿಗೆ ಮರಳಿದ ನಾಯಿ ತಿಂಗಳ ಬಳಿಕ ಕುಂಟಿದರೆ, ಅಲ್ಲಿಯ ವೈದ್ಯರಿಗೆ ಮರುಭೂಮಿಯ ರೋಗ ಹೊಳೆಯದೆ ಹೋಗಬಹುದು. ಎಲ್ಲೆಲ್ಲಿ ತಂಗಿದ್ದೆವೆಂಬ ದಿನಚರಿಯೇ ಆಗ ಅರ್ಧ ಚಿಕಿತ್ಸೆ. ರಜೆಯಲ್ಲಿ ನಾಯಿಯೊಡನೆ ಊರಿಗೆ ಹೋಗಿಬರುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ.

ಕಾಯಿಲೆಯ ಮೊದಲ ಸುಳಿವು

ನಾಯಿ ತನ್ನ ನೋವನ್ನು ಬಚ್ಚಿಡುತ್ತದೆ. ಆದರೆ ಆಟ ಅದನ್ನು ಬಯಲಿಗೆಳೆಯುತ್ತದೆ. ಎಂದೂ ಗಂಬಿ ಬೀಳಿಸದ ನಾಯಿ ಬೀಳಿಸತೊಡಗಿತು, ಇಳಿಜಾರನ್ನು ಹತ್ತಲು ಅನುಮಾನಿಸಿತು, ಕೋಲುಗಳ ನಡುವೆ ನಿಧಾನಿಸಿತು ಎಂದರೆ, ಅದನ್ನು ಹಟವೆಂದು ಬಗೆಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭುಜದ ಉಳುಕು, ಮಂಡಿಯ ಕಟ್ಟುನಾರಿನ ಹರಿತ, ಸಂಧಿವಾತ ಇವು ಹೀಗೆಯೇ ಮೊದಲು ಕಾಣಿಸುತ್ತವೆ.

ಇನ್ನೂ ಗಂಭೀರವಾದವುಗಳೂ ಉಂಟು. ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಪರ್ಡ್ ತಳಿಗಳಲ್ಲಿ ಗುಲ್ಮದ ರಕ್ತನಾಳಗಳ ಕ್ಯಾನ್ಸರ್ ಸದ್ದಿಲ್ಲದೆ ಬೆಳೆದು ಒಮ್ಮೆಲೇ ಒಡೆಯುತ್ತದೆ. ವಸಡು ಬಿಳಿಚಿಕೊಂಡು ನಾಯಿ ಕುಸಿದರೆ ಒಂದು ಗಳಿಗೆಯನ್ನೂ ಕಳೆಯಬಾರದು. ದವಡೆಯ ಕೆಳಗೆ, ಮಂಡಿಯ ಹಿಂದೆ ಗಂಟುಗಳು ಊದಿಕೊಂಡರೆ ದುಗ್ಧಗ್ರಂಥಿಗಳ ಕ್ಯಾನ್ಸರಿರಬಹುದು. ಔಷಧಿಯಿಂದ ಅದು ಬಹುತೇಕ ಹಿಮ್ಮೆಟ್ಟುತ್ತದೆ. ಪೂರ್ತಿ ಗುಣವಾಗುವುದು ಅಪೂರ್ವವಾದರೂ ಸುಮಾರು ಒಂದು ವರ್ಷದ ನೆಮ್ಮದಿಯ ಬದುಕು ದೊರೆಯುವುದುಂಟು. ಮುಪ್ಪಿನಲ್ಲಿ ಹಿಂಗಾಲುಗಳ ಬಲವನ್ನು ಕಸಿಯುವ ಬೆನ್ನುಹುರಿಯ ರೋಗವೂ ಒಂದಿದೆ. ಅದರಲ್ಲಿ ನೋವಿಲ್ಲ, ಮದ್ದೂ ಇಲ್ಲ. ಎರಡು ಗಾಲಿಗಳ ಚಿಕ್ಕ ಬಂಡಿ ಕಟ್ಟಿದರೆ ನಾಯಿ ಕೆಲಕಾಲ ಸಂತೋಷದಿಂದ ಓಡಾಡುತ್ತದೆ.

ಕೊನೆಗೆ, ನರಳಾಟವನ್ನು ಮುಗಿಸುವ ಇಂಜೆಕ್ಷನ್ನಿನ ನಿರ್ಧಾರ ಮನೆಯವರ ಮೇಲೆ ಬೀಳಬಹುದು. ಒಳ್ಳೆಯ ದಿನ, ಕೆಟ್ಟ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತ ಬರುವುದು ಮೇಲು. ಕೆಟ್ಟವು ಹೆಚ್ಚಿದಾಗ ಉತ್ತರ ತಾನಾಗಿ ಕಾಣುತ್ತದೆ. ನಾಯಿಗಾಗಿ ಶೋಕಿಸುವುದು ಪಾಶ್ಚಾತ್ಯರ ಗೀಳೆನ್ನುವವರು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 949-50ರ ಆ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯನ್ನು ಇಂದಿಗೂ ನೆನಪಿಸುತ್ತದೆ.

ನಾವು ಮಾಡಬಹುದಾದದ್ದು

ಪಂದ್ಯದ ಮೈದಾನ ನಮಗಿಲ್ಲದಿದ್ದರೂ ಪಾಠ ನಮ್ಮದಾಗಬಹುದು. ವಾರಕ್ಕೊಮ್ಮೆ ನಾಯಿಯ ಮೈಯನ್ನೆಲ್ಲ ಕೈಯಾಡಿಸಿ ನೋಡಿ: ವಸಡಿನ ಬಣ್ಣ, ಗಂಟು, ಪಾದ, ಕಿವಿಯ ಸಂದಿನ ಉಣ್ಣಿ. ರೇಬೀಸ್ ಚುಚ್ಚುಮದ್ದನ್ನು ಎಂದೂ ತಪ್ಪಿಸಬೇಡಿ. ಕಾಲೀ ತಳಿಯ ನಾಯಿಗಳಿಗೆ ಐವರ್‌ಮೆಕ್ಟಿನ್ ಔಷಧಿ ವಿಷವಾಗಬಹುದು. ತಳಿಯ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮುದ್ದಿಗಾಗಿ ಅತಿಯಾಗಿ ತಿನ್ನಿಸಬೇಡಿ: 48 ಲ್ಯಾಬ್ರಡಾರ್ ನಾಯಿಗಳ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗ ಕಡಮೆ ಉಂಡ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ನಾಯಿಯ ಆಯುಸ್ಸೇ ಹನ್ನೆರಡು ಹದಿನೈದು ವರ್ಷ. ಅದರಲ್ಲಿ ಎರಡು ವರ್ಷವೆಂದರೆ ಅಲ್ಪವೇನಲ್ಲ.